ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆಯುವಾಗ

ಕೆರೆಕಟ್ಟೆಯ ಮಳೆಗಾಲ. ತೋಟದಿಂದ ಬಂದವರು ಕೈಕಾಲು ತೊಳೆದೇ ಒಳಗೆ ಬರಬೇಕು. ಅದು ಶುಚಿ. ಆದರೆ ಎಷ್ಟು ತೊಳೆದರೂ ಕೊಳೆ ಹೋಗಿಲ್ಲ ಅನ್ನಿಸಿ, ಗಂಟೆಗಟ್ಟಲೆ ಬಚ್ಚಲಲ್ಲೇ ನಿಂತರೆ? 'ಅತಿ ಮಡಿ' ಅಂತ ನಗಬೇಡಿ. ಅದು ಗೀಳು ಕಾಯಿಲೆ, ಅಂದರೆ ಒಸಿಡಿ ಇರಬಹುದು.

ಹಣೆಯ ಹಿಂದಿನ ಮಿದುಳು, ಆಳದಲ್ಲಿರುವ ಸ್ಟ್ರಯೇಟಮ್, ಥಾಲಮಸ್: ಇವುಗಳ ನಡುವೆ ಸಂದೇಶ ಸುತ್ತುತ್ತಿರುತ್ತದೆ. ಗೀಳಿನಲ್ಲಿ ಈ ಜಾಲ ಹದ ತಪ್ಪುತ್ತದೆ. 'ಸಾಕು, ಮುಗಿಯಿತು' ಎಂಬ ನೆಮ್ಮದಿ ಮೂಡುವುದೇ ಕಷ್ಟ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಪಾಲ್ಗೊಂಡ, ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಮಿದುಳು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ವಯಸ್ಕ ರೋಗಿಗಳ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗ ಸರಾಸರಿ ತುಸು ಚಿಕ್ಕದು, ಪ್ಯಾಲಿಡಮ್ ಎಂಬ ಭಾಗ ತುಸು ದೊಡ್ಡದು. ವ್ಯತ್ಯಾಸ ಬಹಳ ಸಣ್ಣದು. ಸ್ಕ್ಯಾನ್ ನೋಡಿ ಕಾಯಿಲೆ ಹೇಳಲಾಗದು.

ಗೀಳು ಇರುವವರು ದಡ್ಡರಲ್ಲ, ಖಂಡಿತ ಅಲ್ಲ. ಒಂದು ಯೋಚನೆಯಿಂದ ಇನ್ನೊಂದಕ್ಕೆ ಹೊರಳುವುದು, ಶುರುವಾದದ್ದನ್ನು ತಡೆಯುವುದು ಹಲವರಿಗೆ ಕಷ್ಟ. "ಬಿಟ್ಟುಬಿಡು ಮಾರಾಯ" ಅಂದರೆ ನೋವಷ್ಟೇ ಹೆಚ್ಚುತ್ತದೆ.

ಔಷಧಿ ಇದೆ. ಭಯವನ್ನು ಎದುರಿಸುತ್ತಾ, ತೊಳೆಯದೇ ಇರುವುದನ್ನು ಹಂತಹಂತವಾಗಿ ಕಲಿಸುವ ಚಿಕಿತ್ಸೆಯೂ ಇದೆ. ನೆರವು ಬೇಕಾದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಹಗಲುರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.