ಹದಿನೇಳೂವರೆ ವರ್ಷ ಯಾವ ಊರಿನ ಲೆಕ್ಕ?

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರಿಹೊಲಗಳಲ್ಲಿ ಹಿಂಗಾರಿ ಬಿತ್ತನೆ ಮುಗಿದರೆ ಭೂಮಿಯಿಲ್ಲದವರ ಕೈಗೆ ಕೆಲಸ ಸಾಲದು. ದೀಪಾವಳಿ ಮುಗಿಸಿ ಗೋವಾಕ್ಕೆ ಕಟ್ಟಡಗಳಲ್ಲಿ ದುಡಿಯಲು ಹೋದವರು ಮರಳುವುದು ಮಿರಗದ ಮಳೆಗೆ. ವರ್ಷಕ್ಕೆ 7 ತಿಂಗಳು ಎಂದು ಹಿಡಿಯೋಣ. 30 ವರ್ಷ ಹಾಗೆ ದುಡಿದವರ ಲೆಕ್ಕ 210 ತಿಂಗಳು, ಅಂದರೆ ಹದಿನೇಳೂವರೆ ವರ್ಷ.

ಗೋವಾದ ದಯಾನಂದ ಸಾಮಾಜಿಕ ಭದ್ರತಾ ಯೋಜನೆ ವೃದ್ಧರಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತದೆ. ಅಲ್ಲಿ 15 ವರ್ಷ ವಾಸವಿದ್ದ ದಾಖಲೆ ಬೇಕು. ತಗಡಿನ ಶೆಡ್ಡಿನಲ್ಲಿ ಮಲಗೆದ್ದವರ ಬಳಿ ಬಾಡಿಗೆ ಚೀಟಿ ಎಲ್ಲಿಂದ ಬರಬೇಕು? ಊರಿಗೆ ಬಂದು 65 ತುಂಬಿದರೆ ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಯ 1,200 ಸಿಗುತ್ತದೆ. ಇದೇ ಗೌಂಡಿ, ಸೆಂಟ್ರಿಂಗ್ ಕೆಲಸವನ್ನು ಹುಬ್ಬಳ್ಳಿಯಲ್ಲಿ ಮಾಡಿ, ಕರ್ನಾಟಕದ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ 3 ವರ್ಷ ಸದಸ್ಯರಾಗಿದ್ದರೆ 60ಕ್ಕೇ 3,000 ಪಿಂಚಣಿ. ವ್ಯತ್ಯಾಸ ತಿಂಗಳಿಗೆ 1,800, ವರ್ಷಕ್ಕೆ 21,600. ಕಟ್ಟಡ ವೆಚ್ಚದ ಮೇಲಿನ ಶೇ 1ರ ಸೆಸ್ ಕಟ್ಟಡ ಎದ್ದ ರಾಜ್ಯದ ಮಂಡಳಿಗೇ ಸೇರುತ್ತದೆ. ಕಟ್ಟಿದವರ ಹಿಂದೆ ಅವರ ಊರಿಗೆ ಬರುವುದಿಲ್ಲ. ಇದು ಅನ್ಯಾಯವೆಂದೇ ನನಗನ್ನಿಸುತ್ತದೆ. ಇದು ಕೆಲವೇ ಜನರ ಮಾತಲ್ಲ: 2011ರ ಜನಗಣತಿಯಂತೆ ಗೋವಾದ 14.58 ಲಕ್ಷ ಜನರಲ್ಲಿ ಕನ್ನಡ ಮಾತೃಭಾಷೆಯವರೇ ಶೇ 4.6ರಷ್ಟಿದ್ದರು.

ಕಾಗದದಲ್ಲಿ ಇಲ್ಲದ ಈ ವರ್ಷಗಳು ಮನೆಕಟ್ಟೆಯ ಮಾತಿನಲ್ಲಿವೆ. ‘ದೊಡ್ಡ ಮಗ ಗೋಲಿಬಾರ್ ಆದ ವರ್ಸ ಹುಟ್ಯಾನ, ಮಗಳು ಮಾಂಡವಿ ಬ್ರಿಡ್ಜ್ ಬಿದ್ದ ವರ್ಸ’ ಎಂದು ಒಂದೇ ಉಸಿರಿನಲ್ಲಿ ಹೇಳುವ ಹಿರಿಯರಿದ್ದಾರೆ. ಮೊದಲನೆಯದು 1980ರ ಜುಲೈ, ನವಲಗುಂದದ ರೈತ ಬಂಡಾಯ; ಎರಡನೆಯದು 1986ರ ಜುಲೈ, ಪಣಜಿಯ ಸೇತುವೆ ಕುಸಿತ. ಮೊಮ್ಮಕ್ಕಳಿಗೆ ಈ ಎರಡೂ ಮನೆಯ ಕಥೆಗಳೇ. ಯಾವ ಕಟ್ಟಡದ ಎಷ್ಟನೇ ಮಾಳಿಗೆಗೆ ಸ್ಲ್ಯಾಬ್ ಹಾಕಿದೆ, ಆ ದಿನ ಮುಕಾದಮ ಎಷ್ಟು ಪಗಾರ ಹಿಡಿದಿಟ್ಟ ಎಂಬುದೂ ಆ ಹಿರಿಯರಿಗೆ ಬಾಯಿಪಾಠ.

ಸವಲತ್ತುಗಳು ಗಡಿಯಲ್ಲೇ ನಿಲ್ಲುತ್ತವೆ. ಮಗ ಗೋವಾದ ವಾಸ್ಕೋದಲ್ಲೇ ನೆಲೆ ನಿಂತಿದ್ದರೆ ಅವನನ್ನು ನೋಡಲು ಹೋಗುವ ತಾಯಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಅಂತರರಾಜ್ಯ ಬಸ್ಸಿನಲ್ಲಿ ನಡೆಯದು. ಪಡಿತರ ಮಾತ್ರ ಗಡಿ ದಾಟಿದೆ: 2020ರ ಜನವರಿ 1ರಂದು ಒಂದೇ ಪಡಿತರ ಚೀಟಿಯ ವ್ಯವಸ್ಥೆಗೆ ಸೇರಿದ 12 ರಾಜ್ಯಗಳಲ್ಲಿ ಕರ್ನಾಟಕವೂ ಗೋವಾವೂ ಇದ್ದವು. ಅಕ್ಕಿಗೆ ಆದದ್ದು ಪಿಂಚಣಿಗೂ ಆಗಬೇಕು. 2021ರ ಆಗಸ್ಟ್‌ನಿಂದ ಇ-ಶ್ರಮ್ ಕಾರ್ಡಿನಲ್ಲಿ 12 ಅಂಕಿಯ ಸಂಖ್ಯೆ ಕೊಡುತ್ತಿದ್ದಾರೆ. ದುಡಿದ ದಿನಗಳನ್ನು ಆ ಸಂಖ್ಯೆಗೆ ಜಮೆ ಮಾಡಿ, ಎರಡೂ ರಾಜ್ಯಗಳ ಮಂಡಳಿಗಳು ಪಾಲು ಹಂಚಿಕೊಂಡು ಪಿಂಚಣಿ ಕೊಡಲಿ.