ಕನ್ನಡಕದೊಳಗಿನ ನೆಲ

ಹಜಾರದಲ್ಲಿ ನಡೆದು ಬಂದವರು ಹೊಸ್ತಿಲ ಹತ್ತಿರ ಗಕ್ಕನೆ ನಿಂತುಬಿಡುತ್ತಾರೆ. ಪಾದಕ್ಕೆ ಗೋಂದು ಮೆತ್ತಿದ ಹಾಗೆ. ಮೈ ಮುಂದಕ್ಕೆ ವಾಲುತ್ತದೆ, ಕಾಲು ನಿಂತಲ್ಲೇ ನಡುಗುತ್ತದೆ. ಪಾರ್ಕಿನ್ಸನ್ ಇರುವವರ ಮನೆಮಂದಿಗೆ ಇದು ದಿನನಿತ್ಯದ ನೋಟ. ಆದರೆ ಅದೇ ಮನುಷ್ಯ ಮೆಟ್ಟಿಲು ಎದುರಾದರೆ ಎಷ್ಟೋ ಸಲ ಸಲೀಸಾಗಿ ಹತ್ತಿಬಿಡುವುದುಂಟು. ನೋಡಿದವರು ನಾಟಕ ಅಂದುಕೊಂಡರೂ ಆಶ್ಚರ್ಯವಿಲ್ಲ.

ನಾಟಕ ಅಂದುಕೊಳ್ಳದೆ ಕೂತು ನೋಡಿದವರಲ್ಲಿ ಒಬ್ಬರು ಲಂಡನ್ನಿನ ನರವೈದ್ಯ ಜೇಮ್ಸ್ ಪರ್ಡನ್ ಮಾರ್ಟಿನ್. ಮೊದಲ ಮಹಾಯುದ್ಧದ ಕಾಲದಲ್ಲಿ ಹಬ್ಬಿದ ನಿದ್ದೆಯ ಮೆದುಳುಜ್ವರದಿಂದ ಬದುಕುಳಿದು, ಪಾರ್ಕಿನ್ಸನ್ ಲಕ್ಷಣಗಳಿಗೆ ಸಿಕ್ಕಿಕೊಂಡ ಹಲವರು ಅಲ್ಲಿನ ಹೈಲ್ಯಾಂಡ್ಸ್ ಆಸ್ಪತ್ರೆಯಲ್ಲಿದ್ದರು. ಮಾರ್ಟಿನ್ ಈ ರೋಗಿಗಳ ದಾರಿಯಲ್ಲಿ ಗೆರೆ ಹಾಕಿ ನಡೆಸಿ ನೋಡಿದರು. ನಡೆಯುವ ದಿಕ್ಕಿನಲ್ಲೇ ಉದ್ದಕ್ಕೆ ಎಳೆದ ಗೆರೆಯಿಂದ ಪ್ರಯೋಜನವಾಗಲಿಲ್ಲ. ಹೆಜ್ಜೆಯಷ್ಟು ಅಂತರ ಬಿಟ್ಟು, ನೆಲದ ಬಣ್ಣದಿಂದ ಎದ್ದು ಕಾಣುವಂತೆ ಅಡ್ಡ ಎಳೆದಾಗ ಕಾಲು ಒಂದೊಂದೇ ಗೆರೆ ದಾಟಿಕೊಂಡು ಹೊರಟಿತು. 1967ರ ತಮ್ಮ ಪುಸ್ತಕದಲ್ಲಿ ಅವರು ಇದನ್ನು ಬರೆದರು.

ನಡಿಗೆಯನ್ನು ತನ್ನಷ್ಟಕ್ಕೆ ನಡೆಸುವ ಮೆದುಳಿನ ಆಳದ ಭಾಗ ಡೋಪಮಿನ್ ಎಂಬ ರಾಸಾಯನಿಕ ಸಾಲದೆ ಸೋತಿರುತ್ತದೆ. ಕಣ್ಣಿಗೊಂದು ಗುರಿ ಕಂಡರೆ ಅಪ್ಪಣೆ ಬೇರೆ ದಾರಿಯಿಂದ ಕಾಲಿಗೆ ತಲುಪುತ್ತದೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಸರಿ, ಆದರೆ ಊರಿನ ಬೀದಿಗೆಲ್ಲ ಗೆರೆ ಎಳೆಯುವವರು ಯಾರು?

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಸ್ವತಃ ರೋಗಿ. ಕ್ಯಾಲಿಫೋರ್ನಿಯಾದ ಥಾಮಸ್ ರೀಸ್ ವೃತ್ತಿಯಲ್ಲಿ ಪಾದವೈದ್ಯರು. ಊರವರ ಕಾಲು ನೋಡುತ್ತಿದ್ದವರಿಗೆ ತಮ್ಮ ಕಾಲೇ ಮಾತು ಕೇಳದಾಯಿತು. ಇಸ್ಪೀಟು ಎಲೆಗಳನ್ನು ಹೆಜ್ಜೆಗೊಂದರಂತೆ ನೆಲದ ಮೇಲೆ ಇಟ್ಟರೆ ನಡೆಯಬಹುದು, ಸರಿ; ಆ ಎಲೆಗಳನ್ನು ಕಣ್ಣಮುಂದೆ ಹೊತ್ತುಕೊಂಡೇ ಹೋಗುವಂತಿದ್ದರೆ? ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸುಝಾನ್ ವೆಗ್‌ಹಾರ್ಸ್ಟ್ ಮತ್ತು ಸಂಗಡಿಗರು ಅವರ ಜೊತೆ ಸೇರಿದರು. ನಿಜವಾದ ನೆಲವೂ ಕಾಣಬೇಕು, ಅದರ ಮೇಲೆ ತೇಲುವ ಗುರುತುಗಳೂ ಕಾಣಬೇಕು, ಅಂಥ ಕನ್ನಡಕ. ಗುರುತುಗಳು ಸಹಜ ನಡಿಗೆಯ ವೇಗದಲ್ಲಿ ಎದುರಿನಿಂದ ಹರಿದು ಬಂದರೆ ಔಷಧ ತೆಗೆದುಕೊಳ್ಳದವರು ಕೂಡ ಹೆಚ್ಚುಕಡಿಮೆ ಎಲ್ಲರಂತೆ ನಡೆಯಬಲ್ಲರು ಎಂದು 1995ರಲ್ಲಿ ಅವರು ಪ್ರಕಟಿಸಿದರು.

ಈ ಪ್ರಯೋಗಾಲಯವನ್ನು ಕಟ್ಟಿದ ಥಾಮಸ್ ಫರ್ನೆಸ್ ಅದಕ್ಕೂ ಮೊದಲು ಅಮೆರಿಕದ ವಾಯುಪಡೆಯಲ್ಲಿ ಪೈಲಟ್‌ಗಳ ಶಿರಸ್ತ್ರಾಣದೊಳಗೆ ಚಿತ್ರ ಮೂಡಿಸುವ ಕೆಲಸದಲ್ಲಿದ್ದವರು. ಕತೆಯ ಮುಂದಿನ ಪಾತ್ರವೂ ಆಕಾಶದಿಂದಲೇ ಇಳಿದದ್ದು: ಇಸ್ರೇಲಿನ ಹೈಫಾದಲ್ಲಿರುವ ಟೆಕ್ನಿಯಾನ್ ವಿಶ್ವವಿದ್ಯಾಲಯದ ಯೋರಾಮ್ ಬರಾಮ್. ಇವರು ನಾಸಾದಲ್ಲಿ ಕೆಳಮಟ್ಟದಲ್ಲಿ ಹಾರುವ ಹೆಲಿಕಾಪ್ಟರ್‌ಗಳಿಗೆ ದಾರಿ ತೋರುವ ತಂತ್ರದ ಮೇಲೆ ದುಡಿದವರು. ಹಾರುವ ಯಂತ್ರ ಎಲ್ಲೂ ಢಿಕ್ಕಿ ಹೊಡೆಯದಿರಲಿ ಎಂದು ಕಲಿತ ವಿದ್ಯೆ ಹಜಾರದಲ್ಲಿ ಮುಗ್ಗರಿಸುವವರ ಕಾಲಿಗೆ ಬಂತು.

ಬರಾಮ್ ತಂಡ ಕನ್ನಡಕದೊಳಗೆ ಚದುರಂಗದ ಮಣೆಯಂಥ ಟೈಲ್ಸ್ ನೆಲ ಹಾಸಿತು. ಬರೀ ಅಷ್ಟೇ ಆಗಿದ್ದರೆ ಹೊಸತೇನಿರಲಿಲ್ಲ. ತನ್ನ ಪಾಡಿಗೆ ಓಡುವ ಚಿತ್ರ ನೋಡುವವನು ನಿಂತರೂ ಓಡುತ್ತಲೇ ಇರುತ್ತದೆ. ಇಲ್ಲಿ ಹಾಗಲ್ಲ, ಮೈಗೆ ಕಟ್ಟಿದ ಸಂವೇದಕ ಚಲನೆಯನ್ನು ಅಳೆಯುತ್ತದೆ. ನೀವು ಹೆಜ್ಜೆ ಇಟ್ಟರೆ ಟೈಲ್ಸ್ ಹಿಂದೆ ಸರಿಯುತ್ತವೆ, ನಿಂತರೆ ನೆಲವೂ ನಿಲ್ಲುತ್ತದೆ, ತಿರುಗಿದರೆ ಜೊತೆಗೆ ತಿರುಗುತ್ತದೆ. ಈ ಕತೆಯಲ್ಲಿ ನಿಜವಾದ ಆವಿಷ್ಕಾರ ಇದೇ ಎಂದು ನನ್ನ ಎಣಿಕೆ. ಗೆರೆ ಹಳೆಯದು, ಕನ್ನಡಕವೂ ಹಳೆಯದು. ನಡೆಯುವವನಿಗೆ ಓಗೊಡುವ ನೆಲ ಹೊಸದು. 2002ರಲ್ಲಿ ಅವರ ಪ್ರಬಂಧ ಬಂತು.

ಆಮೇಲೆ ಟೆಲ್ ಅವೀವ್‌ನ ಸಂಶೋಧಕರಾದ ಅನಾತ್ ಮಿರೆಲ್ಮನ್ ಮತ್ತು ಜೆಫ್ರಿ ಹೌಸ್‌ಡಾರ್ಫ್ ಕನ್ನಡಕವನ್ನು ಬದಿಗಿಟ್ಟು ಟ್ರೆಡ್‌ಮಿಲ್ ಮುಂದೆ ದೊಡ್ಡ ಪರದೆ ನಿಲ್ಲಿಸಿದರು. ಕ್ಯಾಮೆರಾ ಪಾದದ ಚಲನೆ ಹಿಡಿಯುತ್ತದೆ, ಪರದೆಯಲ್ಲಿ ನಿಮ್ಮವೇ ಎರಡು ಪಾದಗಳು ನಡೆಯುತ್ತವೆ. ಅಡ್ಡಿಯೊಂದು ಎದುರಾದರೆ ಕಾಲೆತ್ತಿ ದಾಟಬೇಕು. ಐದು ದೇಶಗಳ 302 ಹಿರಿಯರು ಈ ಪರೀಕ್ಷೆಗೆ ಬಂದರು. ಎಲ್ಲರೂ ಹಿಂದಿನ ಆರು ತಿಂಗಳಲ್ಲಿ ಎರಡು ಸಲವಾದರೂ ಬಿದ್ದವರು, ಪಾರ್ಕಿನ್ಸನ್ ಇದ್ದವರೂ ಅವರಲ್ಲಿ ಬಹಳ. ವಾರಕ್ಕೆ ಮೂರು ದಿನದಂತೆ ಆರು ವಾರ ಅಭ್ಯಾಸ. ಬರೀ ಟ್ರೆಡ್‌ಮಿಲ್ ಮೇಲೆ ನಡೆದವರಲ್ಲಿ ಬೀಳುವುದು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ಪರದೆ ನೋಡುತ್ತ ನಡೆದವರಲ್ಲಿ ಮೊದಲು ಆರು ತಿಂಗಳಿಗೆ ಸರಾಸರಿ 11.9 ಸಲ ಇದ್ದದ್ದು ಮುಂದಿನ ಆರು ತಿಂಗಳಲ್ಲಿ 6ಕ್ಕೆ ಇಳಿಯಿತು. ಲ್ಯಾನ್ಸೆಟ್ ಪತ್ರಿಕೆ 2016ರಲ್ಲಿ ಇದನ್ನು ಅಚ್ಚು ಹಾಕಿತು. ಆ ಆರು ತಿಂಗಳು ಅವರು ನಡೆದದ್ದು ತಮ್ಮ ತಮ್ಮ ಮನೆಯ ನೆಲದ ಮೇಲೆ, ಪರದೆ ಇಲ್ಲದೆ.