ವಿದ್ಯಾರ್ಥಿ ಪಟ್ಟಿಯ ಆಮದು: ದೋಷಗಳನ್ನು ಹುಡುಕುವ ಬಗೆ

ಶಾಲೆಯ ದಾಖಲಾತಿ ವಹಿಯ ವಿವರಗಳು ಮೊದಲು ಎಕ್ಸೆಲ್ ಹಾಳೆಗೆ, ಅಲ್ಲಿಂದ ಜಾಲತಾಣದ ಡೇಟಾಬೇಸಿಗೆ ಸಾಗುತ್ತವೆ. ಹಾಳೆಯ ಒಂದೊಂದು ಸಾಲನ್ನೂ ಓದಿ, ಪರೀಕ್ಷಿಸಿ, ಸೇರಿಸುವ ಕೆಲಸ ಒಂದು ಕಿರು ಪ್ರೋಗ್ರಾಮಿನದು. ಏನಾದರೂ ಹೊಂದದಿದ್ದಾಗ ಅದು ಅರ್ಧದಲ್ಲೇ ನಿಂತು ದೋಷವನ್ನು ತಿಳಿಸಬಹುದು. ಇಲ್ಲವೇ ತಪ್ಪು ವಿವರವನ್ನೇ ಸದ್ದಿಲ್ಲದೆ ಸೇರಿಸಿಬಿಡಬಹುದು. ಎರಡನೆಯದೇ ಹೆಚ್ಚು ಅಪಾಯಕರ. ಬೋಧನಾ ಮಾಧ್ಯಮದ ಅಂಕಣದಲ್ಲಿ ಒಂದು ಪದ ಹೊಂದದಿದ್ದರೆ ಕನ್ನಡ ಮಾಧ್ಯಮದ ಮಗುವೊಂದು ಎಣಿಕೆಯಿಂದ ಜಾರಿಹೋಗುತ್ತದೆ. ಪಠ್ಯಪುಸ್ತಕದ ಬೇಡಿಕೆಯಲ್ಲಿ ಒಂದು ಪ್ರತಿ ಕಡಿಮೆಯಾದುದು ಪುಸ್ತಕಗಳು ಬಂದ ಮೇಲಷ್ಟೇ ತಿಳಿಯುತ್ತದೆ.

ಹೊಸೂರು ಎಂಬ ಒಂದೇ ಊರಿನ ಹೆಸರಿನಲ್ಲಿ ಇಂತಹ ದೋಷಗಳ ಹಲವು ಬಗೆಗಳನ್ನು ಕಾಣಬಹುದು. ಮೊದಲು ಸೇಲಂ ಜಿಲ್ಲೆಯಲ್ಲಿದ್ದ ಆ ಊರು 1965ರಲ್ಲಿ ಹೊಸದಾಗಿ ರಚನೆಯಾದ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಸೇರಿತು. ಹಳೆಯ ವಹಿಯಿಂದ ನಕಲಾದ ಸಾಲಿನಲ್ಲಿ ‘ಧರ್ಮಪುರಿ’ ಎಂದೂ ಡೇಟಾಬೇಸಿನಲ್ಲಿ ‘ಕೃಷ್ಣಗಿರಿ’ ಎಂದೂ ಇದ್ದರೆ ಪ್ರೋಗ್ರಾಮು ಆ ಸಾಲನ್ನು ತಿರಸ್ಕರಿಸುತ್ತದೆ. ವಹಿಯೂ ತಪ್ಪಲ್ಲ, ಡೇಟಾಬೇಸೂ ತಪ್ಪಲ್ಲ. ಹಾಗೆಂದು ‘ಧರ್ಮಪುರಿ’ ಇದ್ದಲ್ಲೆಲ್ಲ ‘ಕೃಷ್ಣಗಿರಿ’ ಎಂದು ಬದಲಿಸುವಂತಿಲ್ಲ; ಪಾಲಕ್ಕೋಡು ಇಂದಿಗೂ ಧರ್ಮಪುರಿಯಲ್ಲೇ ಇದೆ. ಊರನ್ನು ನೋಡಿ ಜಿಲ್ಲೆಯನ್ನು ಹೊಂದಿಸುವ ಪಟ್ಟಿಯೊಂದು ನಡುವೆ ಇರಬೇಕು.

ಜಿಲ್ಲೆ ಸರಿಯಾದರೂ ಊರಿನ ಹೆಸರೇ ಹೊಂದದಿರಬಹುದು. ‘ಹೊ’ ಅಕ್ಷರದ ಒತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು; ಎತ್ವ ಮತ್ತು ಊತ್ವಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ‘ಹೊಸೂರು’. ಸಂಕೇತಗಳನ್ನಷ್ಟೇ ಹೋಲಿಸುವ ಪ್ರೋಗ್ರಾಮಿಗೆ ಎರಡು ಬೇರೆ ಊರುಗಳು. ಹೆಸರಿನ ಕೊನೆಯಲ್ಲುಳಿದ ಒಂದು ಖಾಲಿ ಜಾಗವೂ ಇದೇ ತೊಡಕನ್ನು ತರುತ್ತದೆ. ಹೋಲಿಕೆಗೆ ಮೊದಲು ಎಲ್ಲ ಹೆಸರುಗಳನ್ನೂ ಒಂದೇ ಸಂಕೇತರೂಪಕ್ಕೆ ತಂದು, ಅಂಚಿನ ಖಾಲಿ ಜಾಗಗಳನ್ನು ತೆಗೆಯುವುದೇ ಪರಿಹಾರ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯ ಬರಹವಾದರೆ ಅದನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಬೇಕು. ಸಿಎಸ್‌ವಿ ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸದಿದ್ದರೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ಅವುಗಳಿಂದ ಮೂಲ ಹೆಸರನ್ನು ಮರಳಿ ಪಡೆಯಲಾಗದು.

ಅಂಕೆಗಳ ತೊಡಕು ಬೇರೆ ಬಗೆಯದು. ಶಾಲೆಯ 11 ಅಂಕೆಗಳ ಯುಡೈಸ್ ಸಂಕೇತ ಎಕ್ಸೆಲ್‌ನಲ್ಲಿ ಸರಿಯಾಗಿ ಕಂಡರೂ 12 ಅಂಕೆಗಳ ಆಧಾರ್ ಸಂಖ್ಯೆ ಘಾತಾಂಕ ರೂಪಕ್ಕೆ ತಿರುಗುತ್ತದೆ. 15 ಅಂಕೆಗಳನ್ನು ಮೀರಿದ ಬ್ಯಾಂಕ್ ಖಾತೆ ಸಂಖ್ಯೆಯಲ್ಲಿ ಮುಂದಿನ ಅಂಕೆಗಳು ಸೊನ್ನೆಯಾಗುತ್ತವೆ. ಇಂತಹ ಅಂಕಣಗಳನ್ನು ತುಂಬುವ ಮೊದಲೇ ‘ಪಠ್ಯ’ ಎಂದು ಗುರುತಿಸಬೇಕು. ದಿನಾಂಕವಂತೂ ಇನ್ನೂ ಮೋಸದ್ದು. ತಿಂಗಳನ್ನು ಮೊದಲು ಓದುವ ಪ್ರೋಗ್ರಾಮು 13-04-2015ನ್ನು ನಿರಾಕರಿಸುತ್ತದೆ. 03-04-2015ನ್ನು ಮಾರ್ಚ್ 4 ಎಂದು ಸ್ವೀಕರಿಸುತ್ತದೆ.

ದೋಷವಿರುವ ಸಾಲು ತಿಳಿಯದಿದ್ದಾಗ ಪಟ್ಟಿಯನ್ನು ಅರ್ಧ ಮಾಡಿ, ಪ್ರಯೋಗಕ್ಕೆಂದೇ ಇರಿಸಿದ ಡೇಟಾಬೇಸಿನಲ್ಲಿ ಪರೀಕ್ಷಿಸಬೇಕು. ನಿಲ್ಲುವ ಅರ್ಧವನ್ನು ಮತ್ತೆ ಮತ್ತೆ ಅರ್ಧ ಮಾಡುತ್ತ ಹೋದರೆ 400 ಸಾಲುಗಳಲ್ಲಿರುವ ಒಂದು ಕೆಟ್ಟ ಸಾಲು ಒಂಬತ್ತು ಪ್ರಯತ್ನಗಳೊಳಗೆ ಸಿಕ್ಕುತ್ತದೆ. ನಿಜವಾದ ಆಮದು ಮಾತ್ರ ‘ಎಲ್ಲವೂ ಸೇರಲಿ, ಇಲ್ಲವೇ ಯಾವುದೂ ಸೇರದಿರಲಿ’ ಎಂಬ ಕ್ರಮದಲ್ಲಿರಬೇಕು. ಅರ್ಧ ಸೇರಿದ ಪಟ್ಟಿಯನ್ನು ಮತ್ತೆ ಆಮದು ಮಾಡಿದರೆ ಮೊದಲ ಮಕ್ಕಳೆಲ್ಲ ಎರಡೆರಡು ಬಾರಿ ಕಾಣಿಸಿಕೊಳ್ಳಬಹುದು. ಸದ್ದಿಲ್ಲದ ತಪ್ಪುಗಳಿಗೆ ಈ ಉಪಾಯ ಸಾಲದು. ಅವುಗಳಿಗಾಗಿ ತರಗತಿವಾರು, ಮಾಧ್ಯಮವಾರು ಎಣಿಕೆಯನ್ನು ವಹಿಯೊಂದಿಗೆ ಹೋಲಿಸಿ, ಕೆಲವು ಮಕ್ಕಳ ಹೆಸರು ಮತ್ತು ಜನ್ಮದಿನಾಂಕಗಳನ್ನು ಪರದೆಯಿಂದ ಗಟ್ಟಿಯಾಗಿ ಓದಿಸಿ ತಾಳೆ ನೋಡಬೇಕು.